ರಿಜಿಸ್ಟರ್ ಬೇರೆ, ಸ್ಕೇಲು ಬೇರೆ: ಪೈಥಾನಿನ ಇಟರೇಟರ್ ಮತ್ತು ಜನರೇಟರ್

ಮಂಡ್ಯ ಸೀಮೆಯ ನಮ್ಮೂರ ಹಾಲಿನ ಡೇರಿಗೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಟವಾಡೆಯ ಹಿಂದಿನ ದಿನ ಡೇರಿಯ ಕಾರ್ಯದರ್ಶಿ ಫೋನ್ ಮಾಡಿದರು. ಊರ ಲೆಕ್ಕದಲ್ಲಿ ಅವರು ನನಗೆ ಮಾವ. "ಏನ್ಲಾ ಮಗ ಇದು, ಹಾಲು ಅಷ್ಟೊಂದು ತೋರುಸ್ತದೆ, ದುಡ್ಡು ಮಾತ್ರ ಸೊನ್ನೆ ಅಂತದೆ! ಇದುನ್ನ ತೋರ್ಸುದ್ರೆ ಊರೋರು ನನ್ನ ಸುಮ್ನೆ ಬುಟ್ಟಾರಾ?"

ಎರರ್ ಬಂದಿರಲಿಲ್ಲ. ಕೆಂಪು ಅಕ್ಷರದ ಒಂದು ಸಾಲೂ ಇರಲಿಲ್ಲ. ಪೈಥಾನ್ ನಾನು ಕೇಳಿದ್ದನ್ನೇ ಮಾಡಿತ್ತು, ಕೇಳಿದ್ದೇ ತಪ್ಪಾಗಿತ್ತು. ಇಟರೇಟರ್ ಎಂದರೇನು ಎಂದು ಬಾಯಿಪಾಠ ಹೇಳುತ್ತಿದ್ದ ನನಗೆ ಅದು ನಿಜವಾಗಿ ಅರ್ಥವಾದದ್ದು ಆ ಸೊನ್ನೆಯಿಂದ. ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ. ಲ್ಯಾಪ್‌ಟಾಪ್ ತೆರೆದಿಟ್ಟು ಜೊತೆಜೊತೆಗೇ ಟೈಪ್ ಮಾಡಿ ನೋಡಿ.

ಮೊದಲೇ ಒಂದು ಮಾತು. ಇಲ್ಲಿ ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಡೆಫ್, ಫಾರ್, ಇನ್, ಇಫ್, ಯೀಲ್ಡ್, ರಿಟರ್ನ್ ಮುಂತಾದವು ಪೈಥಾನಿನ ಸ್ವಂತ ಪದಗಳು. ಅವನ್ನೂ ಪ್ರಿಂಟ್, ಸಮ್, ನೆಕ್ಸ್ಟ್‌ನಂಥ ಸಿದ್ಧ ಫಂಕ್ಷನ್‌ಗಳನ್ನೂ ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ನಾವಿಟ್ಟ ಹೆಸರುಗಳು ಮಾತ್ರ ಕನ್ನಡದಲ್ಲಿ ಇರಬಹುದು. ಪೈಥಾನ್ 3 ಬಂದಾಗಿನಿಂದ, ಅಂದರೆ 2008ರಿಂದ, ವೇರಿಯೇಬಲ್‌ಗೆ ಕನ್ನಡ ಹೆಸರಿಡಲು ಅಡ್ಡಿಯಿಲ್ಲ. ಒಂದೇ ತೊಡಕು: ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಸಿಕ್ಕಿಕೊಂಡರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. ಹುಡುಕಿದರೆ ಏನೂ ಕಾಣುವುದಿಲ್ಲ, ತಲೆ ಕೆಡುತ್ತದೆ. ಹಾಗಾಗಿ ಅಂಥ ಹೆಸರುಗಳನ್ನೇ ಇಡಬೇಡಿ.

ಹಂತ 1: ರಿಜಿಸ್ಟರ್ ಮೇಲಿನ ಸ್ಕೇಲು

ಡೇರಿಯಲ್ಲಿ ಮಾವ ರಿಜಿಸ್ಟರ್ ಓದುವುದನ್ನು ನೋಡಿದ್ದೇನೆ. ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟುಕೊಳ್ಳುತ್ತಾರೆ. ಒಂದು ಸಾಲು ಓದಿದ ಮೇಲೆ ಸ್ಕೇಲನ್ನು ಕೆಳಕ್ಕೆ ಜಾರಿಸುತ್ತಾರೆ. ಮಧ್ಯೆ ಯಾರಾದರೂ ಮಾತಾಡಿಸಿದರೂ ಎಲ್ಲಿಗೆ ಬಂದಿದ್ದೆ ಎಂಬುದು ಮರೆಯುವುದಿಲ್ಲ, ಸ್ಕೇಲು ಅಲ್ಲೇ ಇರುತ್ತದೆ.

ಈ ರಿಜಿಸ್ಟರ್ ಇಟರೇಬಲ್. ಸ್ಕೇಲು ಇಟರೇಟರ್. ಕಲಿಯುವವರು ಗೊಂದಲಕ್ಕೆ ಬೀಳುವುದು ಇವೆರಡೂ ಒಂದೇ ಎಂದುಕೊಂಡಾಗ. ಹೆಸರುಗಳೂ ಅವಳಿಜವಳಿಯಂತೆ ಇವೆ, ಯಾರನ್ನು ದೂರುವುದು?

```
ಹಾಲು = [6.5, 4.0, 8.2]
ಸ್ಕೇಲು = ಇಟರ್(ಹಾಲು)
ನೆಕ್ಸ್ಟ್(ಸ್ಕೇಲು)     # 6.5
ನೆಕ್ಸ್ಟ್(ಸ್ಕೇಲು)     # 4.0
ನೆಕ್ಸ್ಟ್(ಸ್ಕೇಲು)     # 8.2
ನೆಕ್ಸ್ಟ್(ಸ್ಕೇಲು)     # ಸ್ಟಾಪ್ ಇಟರೇಷನ್
```

ಇಟರ್ ಎಂಬ ಫಂಕ್ಷನ್ ರಿಜಿಸ್ಟರ್ ಮೇಲೆ ಹೊಸ ಸ್ಕೇಲು ಇಟ್ಟುಕೊಡುತ್ತದೆ. ನೆಕ್ಸ್ಟ್ ಒಂದು ಸಾಲು ಓದಿ ಸ್ಕೇಲನ್ನು ಜಾರಿಸುತ್ತದೆ. ಸಾಲು ಮುಗಿದಾಗ ಬರುವ ಸ್ಟಾಪ್ ಇಟರೇಷನ್, ಹೆಸರಿಗೆ ಎಕ್ಸೆಪ್ಷನ್ ಆದರೂ, ಕೆಡುಕಿನ ಸುದ್ದಿಯಲ್ಲ. "ಇನ್ನಿಲ್ಲ" ಎಂಬ ಉತ್ತರ ಅಷ್ಟೇ. ನೀವು ದಿನಾ ಬರೆಯುವ ಫಾರ್ ಲೂಪ್ ಒಳಗೊಳಗೇ ಮಾಡುವುದು ಇದನ್ನೇ: ಮೊದಲು ಇಟರ್ ಕರೆಯುತ್ತದೆ, ಆಮೇಲೆ ನೆಕ್ಸ್ಟ್ ಮೇಲೆ ನೆಕ್ಸ್ಟ್, ಸ್ಟಾಪ್ ಇಟರೇಷನ್ ಬಂದಾಗ ಸದ್ದಿಲ್ಲದೆ ಲೂಪ್ ನಿಲ್ಲಿಸುತ್ತದೆ.

ಈಗ ಸ್ಕೇಲು ಬಿಟ್ಟು ನೇರವಾಗಿ ನೆಕ್ಸ್ಟ್(ಹಾಲು) ಎಂದು ಬರೆದು ನೋಡಿ. ಟೈಪ್ ಎರರ್ ಬರುತ್ತದೆ, ಲಿಸ್ಟ್ ಇಟರೇಟರ್ ಅಲ್ಲ ಎಂಬ ಸಂದೇಶದೊಂದಿಗೆ. ರಿಜಿಸ್ಟರ್‌ಗೆ ತಾನು ಯಾವ ಸಾಲಿನಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಅದು ಒಳ್ಳೆಯದೇ. ಒಂದೇ ರಿಜಿಸ್ಟರ್ ಮೇಲೆ ಇಬ್ಬರು ಎರಡು ಸ್ಕೇಲು ಇಟ್ಟು ಬೇರೆ ಬೇರೆ ಸಾಲು ಓದಬಹುದು. ಒಂದು ಲಿಸ್ಟಿನ ಮೇಲೆ ಲೂಪಿನೊಳಗೆ ಲೂಪ್ ಓಡಿಸಿದರೂ ಒಂದರ ಕಾಲು ಇನ್ನೊಂದು ತುಳಿಯದಿರುವುದು ಈ ಕಾರಣಕ್ಕೆ.

ಲಿಸ್ಟ್, ಟಪಲ್, ಡಿಕ್ಷನರಿ, ಸೆಟ್, ಸ್ಟ್ರಿಂಗ್, ರೇಂಜ್ ಎಲ್ಲವೂ ರಿಜಿಸ್ಟರ್ ಜಾತಿ. ತೆರೆದ ಫೈಲ್, ಜಿಪ್, ಮ್ಯಾಪ್, ಫಿಲ್ಟರ್, ಎನ್ಯುಮರೇಟ್ ಇವು ಸ್ಕೇಲಿನ ಜಾತಿ. ಅನುಮಾನ ಬಂದರೆ ಪರೀಕ್ಷೆ ಸುಲಭ: ಇಟರ್(ಕ) ಈಸ್ ಕ ಎಂದು ಕೇಳಿ. ಟ್ರೂ ಬಂದರೆ ಅದು ಸ್ಕೇಲು, ಏಕೆಂದರೆ ಸ್ಕೇಲನ್ನು ಇಟರ್‌ಗೆ ಕೊಟ್ಟರೆ ಅದೇ ಸ್ಕೇಲು ವಾಪಸ್ ಬರುತ್ತದೆ. ರೇಂಜ್ ಬಗ್ಗೆ ಬಹಳ ಜನ ಸೋಲುತ್ತಾರೆ. ಅದು ಸಂಖ್ಯೆಗಳನ್ನು ಮೊದಲೇ ತುಂಬಿಟ್ಟುಕೊಂಡಿರುವುದಿಲ್ಲ ನಿಜ, ಆದರೆ ಇಟರೇಟರ್ ಅಲ್ಲ. ಎಷ್ಟು ಸಲ ಬೇಕಾದರೂ ಓಡಿಸಬಹುದು.

ಸ್ಟ್ರಿಂಗ್ ವಿಷಯ ಬಂತಲ್ಲ, "ಮಂಡ್ಯ" ಎಂಬ ಪದದ ಮೇಲೆ ಫಾರ್ ಲೂಪ್ ಓಡಿಸಿ. ಎರಡು ಅಕ್ಷರ ಬರುತ್ತದೆ ಎಂದುಕೊಂಡಿರುತ್ತೀರಿ, ಬರುವುದು ಐದು: ಮ, ಸೊನ್ನೆ (ಂ), ಡ, ಒತ್ತಕ್ಷರ ಕೂಡಿಸುವ ವಿರಾಮ (್), ಯ. ಪೈಥಾನಿನ ಸ್ಕೇಲು ಯೂನಿಕೋಡ್ ಬಿಂದುಗಳ (ಕಂಪ್ಯೂಟರ್ ಪ್ರತಿ ಚಿಹ್ನೆಗೂ ಕೊಟ್ಟ ಸಂಖ್ಯೆಗಳ) ಮೇಲೆ ಜಾರುತ್ತದೆ, ನಮ್ಮ ಒಂದನೇ ತರಗತಿಯ ಕಾಗುಣಿತದ ಮೇಲಲ್ಲ. ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರು ಇದನ್ನು ಮರೆಯಬಾರದು.

ಹಂತ 2: ನಮ್ಮದೇ ಸ್ಕೇಲು

ಇದನ್ನು ಒಂದು ಸಲ ಕೈಯಾರೆ ಬರೆದು ಬಿಟ್ಟುಬಿಡಿ. ದಿನಾ ಬರೆಯುವ ಅಗತ್ಯ ಬರುವುದಿಲ್ಲ. ನಾವು ಇಟರ್, ನೆಕ್ಸ್ಟ್ ಎಂದಾಗ ಪೈಥಾನ್ ಒಳಗೆ ಕರೆಯುವುದು ಎರಡೆರಡು ಅಡಿಗೆರೆ ಹಾಕಿದ ಈ __ಇಟರ್__, __ನೆಕ್ಸ್ಟ್__ ಎಂಬವನ್ನೇ.

```
ಕ್ಲಾಸ್ ಸ್ಕೇಲು:
    ಡೆಫ್ __ಇನಿಟ್__(ಸೆಲ್ಫ್, ಪಟ್ಟಿ):
        ಸೆಲ್ಫ್.ಪಟ್ಟಿ = ಪಟ್ಟಿ
        ಸೆಲ್ಫ್.ಎಲ್ಲಿ = 0
    ಡೆಫ್ __ಇಟರ್__(ಸೆಲ್ಫ್):
        ರಿಟರ್ನ್ ಸೆಲ್ಫ್
    ಡೆಫ್ __ನೆಕ್ಸ್ಟ್__(ಸೆಲ್ಫ್):
        ಇಫ್ ಸೆಲ್ಫ್.ಎಲ್ಲಿ == ಲೆನ್(ಸೆಲ್ಫ್.ಪಟ್ಟಿ):
            ರೈಸ್ ಸ್ಟಾಪ್ಇಟರೇಷನ್
        ಸಾಲು = ಸೆಲ್ಫ್.ಪಟ್ಟಿ[ಸೆಲ್ಫ್.ಎಲ್ಲಿ]
        ಸೆಲ್ಫ್.ಎಲ್ಲಿ += 1
        ರಿಟರ್ನ್ ಸಾಲು
```

"ಎಲ್ಲಿ" ಎಂಬ ಆ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಇಷ್ಟು ಸಾಲು. ಇಟರೇಟರ್‌ನ ಜೀವ ಇರುವುದೇ ಆ ಸಂಖ್ಯೆಯಲ್ಲಿ. ಅದನ್ನು ನಾವು ನೋಡಿಕೊಳ್ಳುವ ಬದಲು ಪೈಥಾನೇ ನೋಡಿಕೊಂಡರೆ? ಅದೇ ಜನರೇಟರ್.

ಹಂತ 3: ಯೀಲ್ಡ್, ಅಥವಾ ಕಬ್ಬಿನ ಹಾಲಿನ ಗಾಡಿ

ಯೀಲ್ಡ್ ಎಂದರೆ ಮಂಡ್ಯದವರಿಗೆ ನೆನಪಾಗುವುದು ಎಕರೆಗೆ ಎಷ್ಟು ಟನ್ ಕಬ್ಬು ಬಂತು ಎಂಬ ಲೆಕ್ಕ. ಇಂಗ್ಲಿಷಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಉಂಟು: ದಾರಿ ಬಿಟ್ಟುಕೊಡು. ಪೈಥಾನಿನ ಯೀಲ್ಡ್ ಎರಡನ್ನೂ ಮಾಡುತ್ತದೆ. ಒಂದು ಫಲ ಕೊಡುತ್ತದೆ, ಕೊಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಆಲೆಮನೆಯನ್ನೂ ರಸ್ತೆ ಬದಿಯ ಕಬ್ಬಿನ ಹಾಲಿನ ಗಾಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಆಲೆಮನೆಯಲ್ಲಿ ರಾಶಿ ಕಬ್ಬನ್ನು ಅರೆದು ಹಾಲನ್ನೆಲ್ಲ ಕೊಪ್ಪರಿಗೆಗೆ ತುಂಬುತ್ತಾರೆ. ಕೊಪ್ಪರಿಗೆ ದೊಡ್ಡದಿರಲೇಬೇಕು. ಗಾಡಿಯವನು ಹಾಗಲ್ಲ. ನೀವು "ಒಂದು ಲೋಟ ಕೊಡಿ" ಎಂದಾಗ ಜಲ್ಲೆ ಎತ್ತುತ್ತಾನೆ, ಶುಂಠಿ, ನಿಂಬೆ ಇಟ್ಟು ಅರೆಯುತ್ತಾನೆ, ಲೋಟ ಕೊಟ್ಟು ಸುಮ್ಮನೆ ನಿಲ್ಲುತ್ತಾನೆ. ಮುಂದಿನ ಗಿರಾಕಿ ಬರುವ ತನಕ ಯಂತ್ರ ಸ್ತಬ್ಧ. ಲಿಸ್ಟ್ ಎಂದರೆ ಕೊಪ್ಪರಿಗೆ, ಜನರೇಟರ್ ಎಂದರೆ ಗಾಡಿ.

```
ಡೆಫ್ ಗಾಡಿ(ಜಲ್ಲೆಗಳು):
    ಪ್ರಿಂಟ್("ಯಂತ್ರ ಚಾಲೂ")
    ಫಾರ್ ಜಲ್ಲೆ ಇನ್ ಜಲ್ಲೆಗಳು:
        ಯೀಲ್ಡ್ ಜಲ್ಲೆ + " ಲೋಟ"
    ಪ್ರಿಂಟ್("ಕಬ್ಬು ಮುಗೀತು")

ಗ = ಗಾಡಿ(["ಮೊದಲ", "ಎರಡನೇ"])
```

ಕೊನೆಯ ಸಾಲು ಓಡಿಸಿದ ಮೇಲೆ ಪರದೆ ನೋಡಿ. "ಯಂತ್ರ ಚಾಲೂ" ಎಂದು ಬಂತೇ? ಇಲ್ಲ. ಜನರೇಟರ್ ಫಂಕ್ಷನ್ ಕರೆದರೆ ಅದರ ಒಳಗಿನ ಒಂದು ಸಾಲೂ ಓಡುವುದಿಲ್ಲ. ಗಾಡಿ ತಂದು ನಿಲ್ಲಿಸಿದಂತಾಯಿತು, ಅಷ್ಟೇ. ನೆಕ್ಸ್ಟ್(ಗ) ಎಂದಾಗ ಯಂತ್ರ ಚಾಲೂ ಆಗಿ "ಮೊದಲ ಲೋಟ" ಸಿಗುತ್ತದೆ. ಇನ್ನೊಮ್ಮೆ ಎಂದರೆ, ಯೀಲ್ಡ್ ಬಳಿ ನಿಂತಿದ್ದ ಫಂಕ್ಷನ್ ಅಲ್ಲಿಂದಲೇ ಎದ್ದು ಮುಂದುವರಿಯುತ್ತದೆ, "ಎರಡನೇ ಲೋಟ" ಬರುತ್ತದೆ. ಮೂರನೇ ಸಲ "ಕಬ್ಬು ಮುಗೀತು" ಎಂದು ಅಚ್ಚಾಗಿ ಸ್ಟಾಪ್ ಇಟರೇಷನ್.

ಮಾಮೂಲಿ ಫಂಕ್ಷನ್ ರಿಟರ್ನ್ ಎಂದೊಡನೆ ಅದರ ಒಳಗಿನ ವೇರಿಯೇಬಲ್‌ಗಳೆಲ್ಲ ಅಳಿಸಿಹೋಗುತ್ತವೆ. ಜನರೇಟರ್ ಅವನ್ನು ಉಳಿಸಿಕೊಂಡು ಮಲಗುತ್ತದೆ. ಹಂತ 2ರ "ಎಲ್ಲಿ" ಇಲ್ಲಿ ಬೇಡವಾದದ್ದು ಇದಕ್ಕೇ.

ಇದು ಪೈಥಾನ್ ಮಾಡಿದ ಹೊಸ ಆವಿಷ್ಕಾರವೇನಲ್ಲ. 1970ರ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಅವರ ತಂಡ ರೂಪಿಸಿದ ಕ್ಲೂ ಎಂಬ ಭಾಷೆಯಲ್ಲೇ ಯೀಲ್ಡ್ ಇತ್ತು. ಪೈಥಾನಿಗೆ ಇಟರೇಟರ್, ಜನರೇಟರ್ ಎರಡೂ ಬಂದದ್ದು 2001ರ 2.2 ಆವೃತ್ತಿಯಲ್ಲಿ.

ಹಂತ 4: ಹಾಲಿನ ಫೈಲ್

ನಮ್ಮ ಡೇರಿಯಲ್ಲಿ ಸುಮಾರು 200 ಸದಸ್ಯರು. ಬೆಳಗ್ಗೆ, ಸಂಜೆ ಎರಡು ಹೊತ್ತು ಹಾಲು. ಹಾಗೆಂದರೆ ವರ್ಷಕ್ಕೆ 1,46,000 ಸಾಲು, ಹತ್ತು ವರ್ಷಕ್ಕೆ 14,60,000. ಪ್ರತಿ ಸಾಲಿನಲ್ಲಿ ದಿನಾಂಕ, ಹೊತ್ತು, ಸದಸ್ಯ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ), ದರ. ಇದು ಸಿಎಸ್‌ವಿ ಫೈಲ್, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯ; ಡಿಸ್ಕಿನಲ್ಲಿ ನೂರು ಎಂಬಿಯೂ ಇಲ್ಲ. ನನ್ನ ಮೊದಲ ಪ್ರೋಗ್ರಾಂ ಎಲ್ಲವನ್ನೂ ಡಿಕ್ಷನರಿಗಳ ಲಿಸ್ಟ್ ಮಾಡಿಕೊಂಡಿತು, ಡೇರಿಯ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟಿತು. "6.5" ಎಂಬ ಮೂರಕ್ಷರದ ಸ್ಟ್ರಿಂಗ್ ಫೈಲಿನಲ್ಲಿ ಮೂರೇ ಬೈಟ್; ಪೈಥಾನಿನ ಮೆಮೊರಿಗೆ ಬಂದರೆ ನಲವತ್ತು ಬೈಟ್ ದಾಟುತ್ತದೆ. ಸಾಲಿಗೆ ಅಂಥ ಏಳು, ಅವನ್ನು ಹಿಡಿದಿಡುವ ಡಿಕ್ಷನರಿ ಬೇರೆ. ಗುಣಿಸಿ ನೋಡಿದರೆ ಜಿಬಿ ಲೆಕ್ಕಕ್ಕೆ ಬರುತ್ತದೆ.

ಎರಡನೇ ಪ್ರೋಗ್ರಾಂ:

```
ಇಂಪೋರ್ಟ್ ಸಿಎಸ್‌ವಿ

ಡೆಫ್ ಸಾಲುಗಳು(ಹೆಸರು):
    ವಿತ್ ಓಪನ್(ಹೆಸರು, ಎನ್‌ಕೋಡಿಂಗ್="ಯುಟಿಎಫ್-8-ಸಿಗ್") ಆ್ಯಸ್ ಕಡತ:
        ಫಾರ್ ಸಾಲು ಇನ್ ಸಿಎಸ್‌ವಿ.ಡಿಕ್ಟ್‌ರೀಡರ್(ಕಡತ):
            ಯೀಲ್ಡ್ ಸಾಲು

ಡೆಫ್ ತುಂಬಿದವು(ಬಂದವು):
    ಫಾರ್ ಸಾಲು ಇನ್ ಬಂದವು:
        ಇಫ್ ಸಾಲು["ಲೀಟರ್"]:
            ಯೀಲ್ಡ್ ಸಾಲು

ಡೆಫ್ ಲೆಕ್ಕ(ಬಂದವು):
    ಫಾರ್ ಸಾಲು ಇನ್ ಬಂದವು:
        ಲೀಟರ್ = ಫ್ಲೋಟ್(ಸಾಲು["ಲೀಟರ್"])
        ದರ = ಫ್ಲೋಟ್(ಸಾಲು["ದರ"])
        ಯೀಲ್ಡ್ ಸಾಲು["ಸದಸ್ಯ"], ಲೀಟರ್, ಲೀಟರ್ * ದರ

ಎಲ್ಲ = ಲೆಕ್ಕ(ತುಂಬಿದವು(ಸಾಲುಗಳು("ಹಾಲು.ಸಿಎಸ್‌ವಿ")))
```

ಆ "ಸಿಗ್" ಮರೆಯಬೇಡಿ. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿದ ಫೈಲಿನ ತಲೆಯಲ್ಲಿ ಕಾಣದ ಗುರುತೊಂದು ಕೂತಿರುತ್ತದೆ. ಸಿಗ್ ಇಲ್ಲದಿದ್ದರೆ ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ಆ ಕಾಲಂ ಕೇಳಿದಾಗ ಕೀ ಎರರ್ ಬರುತ್ತದೆ. ಇನ್ನು ನಿಜವಾದ ಬಟವಾಡೆಗೆ ಫ್ಲೋಟ್ ಬೇಡ, ಡೆಸಿಮಲ್ ಬಳಸಿ. ಪೈಸೆ ಲೆಕ್ಕದಲ್ಲಿ ಊರಿನವರು ನಮಗಿಂತ ಚುರುಕು.

ಮೂರು ಫಂಕ್ಷನ್‌ಗಳು ಒಂದಕ್ಕೊಂದು ಪೋಣಿಸಿಕೊಂಡಿವೆ. ಇದನ್ನು ನಾಲೆಗೆ ಹೋಲಿಸುವುದು ಸಹಜ, ಆದರೆ ಹೋಲಿಕೆ ಒಂದು ಕಡೆ ತಿರುಗುಮುರುಗಾಗುತ್ತದೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಮೇಲಿನವರಿಗೆ ಮೊದಲು ಸಿಗುತ್ತದೆ, ನಾಲೆಯ ಕೊನೆಯ ಭಾಗದ ರೈತರು ಕಾಯಬೇಕು. ಜನರೇಟರ್ ನಾಲೆಯಲ್ಲಿ ಯಜಮಾನಿಕೆ ಕೊನೆಯವನದು. ಕೊನೆಯ "ಲೆಕ್ಕ" ಒಂದು ಸಾಲು ಕೇಳಿದರೆ "ತುಂಬಿದವು" ಎಚ್ಚರವಾಗುತ್ತದೆ, ಅದು "ಸಾಲುಗಳು" ಅನ್ನು ಎಬ್ಬಿಸುತ್ತದೆ, ಅದು ಫೈಲಿನಿಂದ ಒಂದು ಸಾಲು ಓದುತ್ತದೆ. ಯಾರೂ ಕೇಳದಿದ್ದರೆ ಫೈಲ್ ತೆರೆಯುವುದೂ ಇಲ್ಲ. ಫೈಲಿನ ಹೆಸರು ತಪ್ಪಾಗಿದ್ದರೂ "ಎಲ್ಲ = " ಎಂಬ ಸಾಲಿನಲ್ಲಿ ಎರರ್ ಬರುವುದಿಲ್ಲ, ಮುಂದೆಲ್ಲೋ ಬಳಸುವಾಗ ಬರುತ್ತದೆ. ಎರರ್ ಬಂದ ಜಾಗದಲ್ಲೇ ತಪ್ಪು ಹುಡುಕುತ್ತಾ ಕೂರಬೇಡಿ.

ಹಾಗೆಯೇ ವಿತ್ ಒಳಗಿನಿಂದ ಯೀಲ್ಡ್ ಮಾಡಿದ್ದೇನೆ, ಗಮನಿಸಿ. ವಿತ್ ಒಳಗೆ ರೀಡರನ್ನೇ ರಿಟರ್ನ್ ಮಾಡಿದ್ದರೆ ಹೊರಬಂದೊಡನೆ ಫೈಲ್ ಮುಚ್ಚಿಹೋಗಿ, ಮೊದಲ ನೆಕ್ಸ್ಟ್‌ಗೇ ಮುಚ್ಚಿದ ಫೈಲ್ ಎಂಬ ವ್ಯಾಲ್ಯೂ ಎರರ್ ಬರುತ್ತಿತ್ತು.

ಹಂತ 5: ಆ ಸೊನ್ನೆ

ನಾನು ಬರೆದದ್ದು ಇದು:

```
ಒಟ್ಟು_ಲೀಟರ್ = ಸಮ್(ಎಷ್ಟು ಫಾರ್ ಯಾರು, ಎಷ್ಟು, ದುಡ್ಡು ಇನ್ ಎಲ್ಲ)
ಒಟ್ಟು_ದುಡ್ಡು = ಸಮ್(ದುಡ್ಡು ಫಾರ್ ಯಾರು, ಎಷ್ಟು, ದುಡ್ಡು ಇನ್ ಎಲ್ಲ)
```

ಆವರಣದೊಳಗೇ ಫಾರ್ ಬರೆಯುವ ಈ ರೂಪಕ್ಕೆ ಜನರೇಟರ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ, 2004ರ 2.4 ಆವೃತ್ತಿಯಿಂದ ಇದೆ. ಚೌಕದ ಬ್ರಾಕೆಟ್ ಹಾಕಿದ್ದರೆ ಲಿಸ್ಟ್ ಆಗುತ್ತಿತ್ತು, ಗುಂಡು ಬ್ರಾಕೆಟ್ ಹಾಕಿದ್ದಕ್ಕೆ ಗಾಡಿ. ತಪ್ಪು ಅದರಲ್ಲಿಲ್ಲ. ಮೊದಲ ಸಮ್ "ಎಲ್ಲ" ಎಂಬ ಸ್ಕೇಲನ್ನು ರಿಜಿಸ್ಟರ್‌ನ ಕೊನೆಯ ಸಾಲಿನವರೆಗೆ ಎಳೆದುಬಿಟ್ಟಿತು. ಎರಡನೆಯದು ಬಂದಾಗ ಉಳಿದದ್ದು ಬರೀ ಸಿಪ್ಪೆ. ಒಮ್ಮೆ ಅರೆದ ಕಬ್ಬನ್ನು ಮತ್ತೆ ಯಂತ್ರಕ್ಕೆ ಕೊಟ್ಟರೆ ಹಾಲು ಬಾರದು, ಯಂತ್ರ ದೂರುವುದೂ ಇಲ್ಲ. ಏನೂ ಇಲ್ಲದ್ದರ ಮೊತ್ತ ಸೊನ್ನೆ. ಪೈಥಾನ್ ಪ್ರಾಮಾಣಿಕವಾಗಿ ಸೊನ್ನೆ ಎಂದಿತು.

ಇದೇ ಹುಳುಕು ಬೇರೆ ವೇಷದಲ್ಲೂ ಬರುತ್ತದೆ. ಜನರೇಟರ್ ಮೇಲೆ "217 ಇನ್ ಸಂಖ್ಯೆಗಳು" ಎಂದು ಕೇಳಿದರೆ 217 ಸಿಗುವವರೆಗಿನದನ್ನೆಲ್ಲ ಅದು ನುಂಗಿಬಿಡುತ್ತದೆ. ಪರೀಕ್ಷಿಸಲೆಂದು ಲಿಸ್ಟ್(ಎಲ್ಲ) ಎಂದು ಪ್ರಿಂಟ್ ಮಾಡಿ ನೋಡಿದಿರೋ, ಕೆಳಗಿನ ಲೂಪಿಗೆ ಏನೂ ಉಳಿಯುವುದಿಲ್ಲ. ತಪ್ಪು ಹುಡುಕಲು ಹಾಕಿದ ಪ್ರಿಂಟೇ ಹೊಸ ತಪ್ಪು ತರುತ್ತದೆ.

ದಾರಿ ಹಲವಿವೆ. ಡೇಟಾ ಚಿಕ್ಕದಿದ್ದರೆ ಒಮ್ಮೆ ಲಿಸ್ಟ್ ಮಾಡಿಟ್ಟುಕೊಳ್ಳಿ, ನಾಚಿಕೆ ಬೇಡ. ದೊಡ್ಡದಿದ್ದರೆ ಒಂದೇ ಲೂಪಿನಲ್ಲಿ ಎರಡೂ ಮೊತ್ತ ಕೂಡಿಕೊಂಡು ಹೋಗುವುದು ಎಲ್ಲಕ್ಕಿಂತ ಸರಳ. ಇಟರ್‌ಟೂಲ್ಸ್ ಮಾಡ್ಯೂಲ್‌ನಲ್ಲಿ ಟೀ ಎಂಬುದಿದೆ, ಒಂದು ಇಟರೇಟರನ್ನು ಎರಡು ಮಾಡಿಕೊಡುತ್ತದೆ. ಆದರೆ ಒಂದನ್ನು ಪೂರ್ತಿ ಓಡಿಸಿ ಆಮೇಲೆ ಇನ್ನೊಂದಕ್ಕೆ ಕೈಹಾಕಿದರೆ ಅದು ನಡುವೆ ಎಲ್ಲವನ್ನೂ ಮೆಮೊರಿಯಲ್ಲಿ ಕೂಡಿಟ್ಟಿರುತ್ತದೆ. ಹಾಗಾದರೆ ಲಿಸ್ಟೇ ವಾಸಿ.

ನನಗೆ ಹಿಡಿಸಿದ್ದು ಸ್ಕೇಲನ್ನು ಮತ್ತೆ ರಿಜಿಸ್ಟರ್ ಮಾಡುವ ದಾರಿ:

```
ಕ್ಲಾಸ್ ರಿಜಿಸ್ಟರ್:
    ಡೆಫ್ __ಇನಿಟ್__(ಸೆಲ್ಫ್, ಹೆಸರು):
        ಸೆಲ್ಫ್.ಹೆಸರು = ಹೆಸರು
    ಡೆಫ್ __ಇಟರ್__(ಸೆಲ್ಫ್):
        ಯೀಲ್ಡ್ ಫ್ರಮ್ ಲೆಕ್ಕ(ತುಂಬಿದವು(ಸಾಲುಗಳು(ಸೆಲ್ಫ್.ಹೆಸರು)))

ಎಲ್ಲ = ರಿಜಿಸ್ಟರ್("ಹಾಲು.ಸಿಎಸ್‌ವಿ")
```

ಇದರಲ್ಲಿ ನೆಕ್ಸ್ಟ್ ಇಲ್ಲ, ಇಟರ್ ಮಾತ್ರ ಇದೆ. ಪ್ರತಿ ಫಾರ್ ಲೂಪ್ ಬಂದಾಗಲೂ ಇಟರ್ ಹೊಸ ಜನರೇಟರ್ ಕೊಡುತ್ತದೆ, ಫೈಲ್ ಮೊದಲಿನಿಂದ ತೆರೆಯುತ್ತದೆ. ಎರಡು ಸಮ್ ಸಾಲುಗಳನ್ನು ಮುಟ್ಟಬೇಕಾಗಿಲ್ಲ, ಎರಡೂ ಸರಿಯಾದ ಉತ್ತರ ಕೊಡುತ್ತವೆ. ಫೈಲನ್ನು ಎರಡು ಸಲ ಓದುವ ಹೊತ್ತು ಮಾತ್ರ ದಂಡ. 3.3ರಲ್ಲಿ ಬಂದ ಯೀಲ್ಡ್ ಫ್ರಮ್ ಇಲ್ಲಿ ಮಾಡುವುದು ಇಷ್ಟೇ: ಒಳಗಿನ ಜನರೇಟರ್ ಕೊಟ್ಟದ್ದನ್ನೆಲ್ಲ ಹಾಗೇ ಹೊರಕ್ಕೆ ದಾಟಿಸುತ್ತದೆ.

ಉಳಿದ ಕೆಲವು

ಮೊದಲ ಐದು ಸಾಲು ಮಾತ್ರ ನೋಡಬೇಕೆಂದರೆ ಜನರೇಟರ್ ಮೇಲೆ ಚೌಕದ ಬ್ರಾಕೆಟ್ ನಡೆಯದು, ಲೆನ್ ಕೂಡ ನಡೆಯದು. ಇಟರ್‌ಟೂಲ್ಸ್‌ನ ಐಸ್ಲೈಸ್(ಎಲ್ಲ, 5) ಬಳಸಿ. ಐದು ಸಿಕ್ಕೊಡನೆ ಅದು ಕೇಳುವುದನ್ನು ನಿಲ್ಲಿಸುತ್ತದೆ, ಉಳಿದ 14 ಲಕ್ಷ ಸಾಲುಗಳ ಲೆಕ್ಕ ನಡೆಯುವುದಿಲ್ಲ. ಎನಿ, ಆಲ್ ಎಂಬ ಫಂಕ್ಷನ್‌ಗಳೂ ಉತ್ತರ ಗೊತ್ತಾದ ಕ್ಷಣ ನಿಲ್ಲುತ್ತವೆ.

ಜನರೇಟರ್ ಒಳಗೆ ನೀವೇ ನೆಕ್ಸ್ಟ್ ಕರೆಯುವುದಾದರೆ ಎಚ್ಚರ. ಅಲ್ಲಿ ಸ್ಟಾಪ್ ಇಟರೇಷನ್ ತಪ್ಪಿಸಿಕೊಂಡು ಹೊರಬಂದರೆ 3.7ರಿಂದ ಅದು ರನ್‌ಟೈಮ್ ಎರರ್ ಆಗುತ್ತದೆ. ನೆಕ್ಸ್ಟ್(ಗ, ನನ್) ಎಂದು ಎರಡನೇ ಮೌಲ್ಯ (ಇಲ್ಲಿ "ಏನೂ ಇಲ್ಲ" ಎಂಬ ಅರ್ಥದ ನನ್) ಕೊಟ್ಟರೆ, ಸಾಲು ಮುಗಿದಾಗ ಅದು ಬರುತ್ತದೆ, ಎರರ್ ಇಲ್ಲ. ಸೆಂಡ್ ಎಂಬ ಇನ್ನೊಂದು ಸೌಲಭ್ಯವಿದೆ, ಮಲಗಿರುವ ಜನರೇಟರ್‌ಗೆ ಹೊರಗಿನಿಂದ ಮೌಲ್ಯ ಕಳಿಸಲು. ಇಷ್ಟು ವರ್ಷದಲ್ಲಿ ನನಗದು ಬೇಕಾಗಿಲ್ಲ. ನೀವೂ ಸದ್ಯಕ್ಕೆ ಪಕ್ಕಕ್ಕಿಡಿ.

ಸೊನ್ನೆ ಹೋಗಿ ದುಡ್ಡು ಕಂಡ ಮೇಲೆ ಮಾವನಿಂದ ಮತ್ತೆ ಫೋನ್: "ಹೆಸರಿನ ಪ್ರಕಾರ ಬರಂಗೆ ಮಾಡ್ಲಾ, ಹುಡುಕಿ ಹುಡುಕಿ ಸಾಕಾಯ್ತದೆ." ಜೋಡಿಸುವುದಕ್ಕೆ ಜನರೇಟರ್ ಒದಗುವುದಿಲ್ಲ. ಕೊನೆಯ ಸಾಲಿನಲ್ಲಿ "ಅಕ್ಕಯ್ಯ" ಇದ್ದರೂ ಇರಬಹುದು, ಎಲ್ಲ ನೋಡದೆ ಮೊದಲನೆಯವರು ಯಾರು ಎಂದು ಹೇಳುವಂತಿಲ್ಲ. ಅದಕ್ಕೇ ಸಾರ್ಟೆಡ್ ಏನು ಕೊಟ್ಟರೂ ಲಿಸ್ಟ್ ಮಾಡಿಕೊಳ್ಳುತ್ತದೆ. ಆದರೆ ಜೋಡಿಸಬೇಕಾದದ್ದು 14 ಲಕ್ಷ ಸಾಲುಗಳನ್ನಲ್ಲ, 200 ಸದಸ್ಯರನ್ನು:

```
ಮೊತ್ತ = {}
ಫಾರ್ ಯಾರು, ಎಷ್ಟು, ದುಡ್ಡು ಇನ್ ಎಲ್ಲ:
    ಮೊತ್ತ[ಯಾರು] = ಮೊತ್ತ.ಗೆಟ್(ಯಾರು, 0) + ದುಡ್ಡು

ಫಾರ್ ಯಾರು ಇನ್ ಸಾರ್ಟೆಡ್(ಮೊತ್ತ):
    ಪ್ರಿಂಟ್(ಯಾರು, ರೌಂಡ್(ಮೊತ್ತ[ಯಾರು], 2))
```

ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಬಹುಮಟ್ಟಿಗೆ ವರ್ಣಮಾಲೆಯ ಕ್ರಮದಲ್ಲೇ ಇರುವುದರಿಂದ ಸದಸ್ಯ ಕಾಲಂನಲ್ಲಿ ಹೆಸರು ಕನ್ನಡದಲ್ಲಿದ್ದರೆ ಪಟ್ಟಿಯೂ ಬಹುಮಟ್ಟಿಗೆ ಅಕಾರಾದಿಯಾಗಿ ಬರುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಇಬ್ಬರ ದುಡ್ಡೂ ಒಟ್ಟಾಗಿಬಿಡುತ್ತದೆ, ಹಾಗಾಗಿ ಹೆಸರಿನ ನಂತರ ಸದಸ್ಯ ಸಂಖ್ಯೆಯನ್ನೂ ಸೇರಿಸಿ. ನಮ್ಮೂರಲ್ಲಿ ಒಂದೇ ಹೆಸರಿನವರು ನಾಲ್ವರಿದ್ದಾರೆ.